ನಡುವೆ ಯಾರನ್ನೂ ಕೂರಿಸದವರು

ಅವರು ತೀರಿಕೊಂಡ ಸುದ್ದಿ ನನಗೆ ಪೋಸ್ಟರಿನ ರೂಪದಲ್ಲಿ ಬಂತು. ನಮ್ಮ ಹಳೆಯ ಫೋಟೋ ಬಳಗದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದ್ದರು. ಆಚೆಗೊಂದು ಈಚೆಗೊಂದು ದೀಪ, ಕೆಳಗೆ ಗುಲಾಬಿ, ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ', ನಟ್ಟನಡುವೆ ದುಂಡನೆಯ ಚೌಕಟ್ಟಿನಲ್ಲಿ ಅವರ ಮುಖ. ನನಗೆ ಮೊದಲು ಬಂದದ್ದು ಅಳುವಲ್ಲ, ಈ ಪೋಸ್ಟರನ್ನು ಅವರು ಖಂಡಿತ ಒಪ್ಪುತ್ತಿರಲಿಲ್ಲ ಎಂಬ ಯೋಚನೆ. ಅಳು ಆಮೇಲೂ ಬರಲಿಲ್ಲ.

ಬಳಗದವರು ಅವರ ನೆನಪಿಗೆ ಒಂದು ಪ್ರದರ್ಶನ ಮಾಡುತ್ತಿದ್ದಾರೆ. ಶಿಷ್ಯರೆಲ್ಲ ಒಂದೊಂದು ಪುಟ ಬರೆದುಕೊಡಬೇಕಂತೆ. ನಾನು ಕೆಲವೇ ಸಾಲು ಕಳಿಸಿದೆ. ಹೊತ್ತಿಗೆ ಸರಿಯಾಗಿ ಪಾಠ ಶುರುಮಾಡುತ್ತಿದ್ದರು, ಕಲಿಸಿದ್ದಕ್ಕೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ, ತಮ್ಮ ಕ್ಯಾಮೆರಾವನ್ನು ನಂಬಿ ಕೊಡುತ್ತಿದ್ದರು, ನಮಗೆ ನೋಡುವುದನ್ನು ಕಲಿಸಿದರು. ಬರೆದದ್ದೆಲ್ಲ ನಿಜ. ಅಲ್ಲಿ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಬಳ್ಳಾರಿಯಲ್ಲಿ ಹವ್ಯಾಸಕ್ಕೆ ಕ್ಯಾಮೆರಾ ಹಿಡಿದವರಿಗೆ ಹೆಸರು ಬೇಕಾಗಿಲ್ಲ, ಉಳಿದವರಿಗೆ ಅದರಿಂದ ಪ್ರಯೋಜನವಿಲ್ಲ.

ಅವರು ಪಾಲಿಟೆಕ್ನಿಕ್ ಒಂದರಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿ ನಿವೃತ್ತರಾಗಿದ್ದರು. ಕಂಟೋನ್ಮೆಂಟಿನಲ್ಲಿ ಎತ್ತರದ ಬಾಗಿಲುಗಳ ಹಳೆಯ ಮನೆ. ಭಾನುವಾರ ಬೆಳಿಗ್ಗೆ, ಬಿಸಿಲು ಚುರುಗುಟ್ಟುವ ಮೊದಲು, ಅದರ ವರಾಂಡದಲ್ಲಿ ನಮಗೆ ಪಾಠ. ನಾವೆಂದರೆ ಬ್ಯಾಂಕಿನವರಿಬ್ಬರು, ಒಬ್ಬ ಹೋಮಿಯೋಪತಿ ವೈದ್ಯರು, ಜೀನ್ಸ್ ಹೊಲಿಸುವ ಒಬ್ಬ ವ್ಯಾಪಾರಿ, ಮತ್ತು ನಾನು. ಆಗ ನಾನು ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಹುಡುಗಿ ನಾನೊಬ್ಬಳೇ. ಅಪ್ಪ ಬೇಡವೆಂದಾಗ ಅವರೇ ಫೋನ್ ಮಾಡಿ, "ನಮ್ಮನೆಯವರು ವರಾಂಡದಲ್ಲೇ ಕೂತು ಸೊಪ್ಪು ಬಿಡಿಸ್ತಿರ್ತಾರೆ, ನಿಮಗೇನೂ ಯೋಚನೆ ಬೇಡ" ಎಂದು ಒಪ್ಪಿಸಿದ್ದರು. ಅವರ ಪತ್ನಿ ನಿಜವಾಗಿಯೂ ಪ್ರತಿ ಭಾನುವಾರ ಅಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು.

ಅವರ ಅಂಗಿಯ ಜೇಬಿನಲ್ಲಿ ಪೋಸ್ಟ್‌ಕಾರ್ಡಿನಷ್ಟು ದೊಡ್ಡ ಪಾರದರ್ಶಕ ಹಾಳೆಯೊಂದು ಯಾವಾಗಲೂ ಇರುತ್ತಿತ್ತು. ಅದರ ಮೇಲೆ ಕೆಂಪು ಶಾಯಿಯಲ್ಲಿ ಎರಡು ಅಡ್ಡಗೆರೆ, ಎರಡು ಉದ್ದಗೆರೆ. ನಾವು ಫೋಟೋ ಕೊಟ್ಟರೆ ಮೊದಲು ಅದನ್ನು ನೋಡುತ್ತಿರಲಿಲ್ಲ. ಹಾಳೆಯನ್ನು ಅದರ ಮೇಲಿಟ್ಟು, ಆಮೇಲೆ ನೋಡುತ್ತಿದ್ದರು. ಚಿತ್ರವನ್ನು ಉದ್ದಕ್ಕೂ ಅಡ್ಡಕ್ಕೂ ಮೂರು ಮೂರು ಪಾಲು ಮಾಡಬೇಕು, ಮುಖ್ಯವಾದದ್ದು ಯಾವುದಾದರೊಂದು ಗೆರೆಯ ಮೇಲೆ ಬರಬೇಕು, ಗೆರೆಗಳು ಸೇರುವ ಬಿಂದುವಿನಲ್ಲೇ ಬಂದರೆ ಇನ್ನೂ ಒಳ್ಳೆಯದು, ನಟ್ಟನಡುವೆ ಮಾತ್ರ ಯಾವುದೂ ಇರಬಾರದು. ಇಷ್ಟೇ ನಿಯಮ. ಕ್ಯಾಮೆರಾ ಕೊಂಡವರಿಗೆಲ್ಲ ಮೊದಲ ವಾರದಲ್ಲೇ ಯಾರಾದರೂ ಇದನ್ನು ಹೇಳಿಕೊಡುತ್ತಾರೆ, ಎರಡನೆಯ ವಾರ ಇದನ್ನು ಯಾವಾಗ ಮುರಿಯಬೇಕೆಂದೂ ಹೇಳಿಕೊಡುತ್ತಾರೆ. ನಮ್ಮ ಸರ್ ಬಳಿ ಎರಡನೆಯ ವಾರ ಬರಲೇ ಇಲ್ಲ.

"ನಡುವಿನ ಜಾಗ ಒಂದೋ ದೇವರಿಗೆ, ಇಲ್ಲಾ ಪೊಲೀಸ್ ಠಾಣೆಯಲ್ಲಿ ಹಾಕೋ ಫೋಟೋಕ್ಕೆ" ಎನ್ನುತ್ತಿದ್ದರು. "ಬದುಕಿರೋ ಮನುಷ್ಯ ಪಕ್ಕಕ್ಕೆ ಸರೀಬೇಕು. ಅವನು ಸರಿದರೆ ಜಗತ್ತು ಕಾಣುತ್ತೆ."

ಅವರದು ಪಾಠ ಹೇಳುವವರ ಕನ್ನಡ. ಸಿಟ್ಟು ಬಂದರೆ ಮಾತ್ರ ತೆಲುಗು. ನಾವು ಯಾರನ್ನಾದರೂ ಮಧ್ಯದಲ್ಲಿಟ್ಟು ತೆಗೆದ ಫೋಟೋ ಕಂಡರೆ ಹಾಳೆಯಿಂದ ತಮ್ಮ ಹಣೆಗೇ ಬಡಿದುಕೊಂಡು, "ಮಧ್ಯಲೋ ವದ್ದಮ್ಮಾ! ಎನ್ನಿಸಾರ್ಲು ಚೆಪ್ಪಾಲಿ!" ಎಂದು ಕೂಗುತ್ತಿದ್ದರು. ಮಧ್ಯದಲ್ಲಿ ಬೇಡ, ಎಷ್ಟು ಸಲ ಹೇಳಬೇಕು ಎಂದು. ವೈದ್ಯರು ತಮ್ಮ ಮಗಳ ಹುಟ್ಟುಹಬ್ಬದ ಫೋಟೋ ತಂದಾಗ ಬಹಳ ಹೊತ್ತು ನೋಡಿ, "ಇದರಲ್ಲಿ ಕೇಕ್ ಚೆನ್ನಾಗಿ ಬಂದಿದೆ" ಎಂದಿದ್ದರು. ಕೇಕ್ ಬಿಂದುವಿನ ಮೇಲಿತ್ತು.

ಪತ್ನಿ ಕಾಫಿ ತಂದಿಟ್ಟರೆ, ತಟ್ಟೆಯ ನಡುವೆ ಇದ್ದ ಲೋಟವನ್ನು ಬೆರಳಿನಿಂದ ಒಂದು ಬದಿಗೆ ಸರಿಸಿ, ಒಂದು ಕಣ್ಣು ಮುಚ್ಚಿ ನೋಡಿ, ಆಮೇಲೆ ಕುಡಿಯುತ್ತಿದ್ದರು. ಆಕೆ ನಮ್ಮ ಕಡೆ ತಿರುಗಿ ನಗುತ್ತಿದ್ದರು.

"ನಮ್ಮ ಮದುವೆ ಫೋಟೋ ನೋಡಿದೀರಾ? ಫೋಟೋಗ್ರಾಫರ್ ಜೊತೆ ಜಗಳ ಆಡಿ ತೆಗೆಸಿದ್ದು. ನಾನು ಈ ತುದಿಗೆ, ಇವರು ಆ ತುದಿಗೆ. ನಡುವೆ ಪುರೋಹಿತರು. ನೋಡಿದವರು, ಪುರೋಹಿತರಿಗೆ ಯಾವಾಗ ಮದುವೆ ಆಯ್ತು ಅಂತ ಕೇಳ್ತಾರೆ."

"ಪುರೋಹಿತರು ಅಡ್ಡ ಬಂದರು ಕಣೇ" ಎಂದು ಇವರೂ ನಗುತ್ತಿದ್ದರು. ಆ ನಗೆಯನ್ನು ನೋಡಿದವರು ಅವರನ್ನು ಇಷ್ಟಪಡದೆ ಇರುವುದು ಕಷ್ಟ. ನಾನೂ ಇಷ್ಟಪಟ್ಟೆ.

ವರಾಂಡದ ಪಾಠ ಮುಗಿದ ಮೇಲೆ ತಿಂಗಳಿಗೊಂದು ಸಲ ಊರಾಚೆ ಹೋಗುತ್ತಿದ್ದೆವು. ಕುರುಗೋಡಿನ ಬಂಡೆಗುಡ್ಡದಲ್ಲಿ, ಆ ವಯಸ್ಸಿನಲ್ಲಿ, ಕಾದ ಕಲ್ಲಿನ ಮೇಲೆ ಹೊಟ್ಟೆ ಹಚ್ಚಿ ಮಲಗಿ, ಒಂದು ಮೇಕೆ ಸರಿಯಾದ ಜಾಗಕ್ಕೆ ನಡೆದು ಬರಲಿ ಎಂದು ಕಾಯುತ್ತಿದ್ದರು. ಎದ್ದಾಗ ಕಲ್ಲಿನ ಹರಳುಗಳು ಮೊಣಕೈಯ ಮೇಲೆ ಕೆಂಪಗೆ ಅಚ್ಚೊತ್ತಿರುತ್ತಿದ್ದವು. ನನ್ನನ್ನು ಕರೆದು ಕ್ಯಾಮೆರಾ ಕೊಟ್ಟು, "ಏನೂ ಒತ್ತಬೇಡ, ಬರೀ ನೋಡು" ಎನ್ನುತ್ತಿದ್ದರು. ನೋಡುತ್ತಿದ್ದೆ. ಬಂಡೆಯ ನೆರಳು ನೀಲಿಯಾಗಿರುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಅದಕ್ಕೆ ಮೊದಲು ನನ್ನ ಪಾಲಿಗೆ ನೆರಳೆಂದರೆ ಕಪ್ಪು. "ಮಾತು ಕಡಿಮೆ, ಅಳತೆ ಜಾಸ್ತಿ. ನಿನಗೆ ಕಣ್ಣಿದೆ" ಎಂದರು ಒಮ್ಮೆ. ಅಷ್ಟು ದೊಡ್ಡ ಮಾತನ್ನು ನನಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಆಮೇಲೂ ಹೇಳಿಲ್ಲ.

ಅದೇ ದಾರಿಯಲ್ಲಿ ಬಾದನಹಟ್ಟಿಯ ಹತ್ತಿರ ಒಂದು ಹತ್ತಿ ಹೊಲಕ್ಕೆ ಇಳಿದಿದ್ದೆವು. ಹೊಲದ ರೈತ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಮೀಸೆ ತೀಡಿ, ಹೊಲದ ನಡುವೆ ಬಂದು ನೆಟ್ಟಗೆ ನಿಂತ.

"ಸ್ವಲ್ಪ ಆ ಕಡೆ ಸರೀಪ್ಪಾ" ಎಂದರು ಸರ್.

ಆತ ಸರಿದ.

"ಇನ್ನೂ ಸ್ವಲ್ಪ."

"ಇನ್ನೂ ಸರದ್ರ ಮಂದಿ ಹೊಲದಾಗ ಹೋಗಿ ನಿಂದ್ರಬೇಕಾಗತೈತ್ರಿ ಸರ. ಹೊಲ ನಂದು, ನನ್ನ ಯಾಕ ಮೂಲಿಗೆ ಹಚ್ಚಾಕತ್ತೀರಿ?"

"ನಿನ್ನ ಹೊಲ ಕಾಣಬೇಕು ಅಂದ್ರೆ ನೀನು ಸರೀಬೇಕು."

"ಹೊಲ ನಾ ದಿನಾ ನೋಡ್ತೀನ್ರಿ. ನನಗ ನಾನು ಕಾಣಬೇಕು."

ನಾವೆಲ್ಲ ನಕ್ಕೆವು. ಸರ್ ನಗುತ್ತಲೇ ಆತನ ಭುಜ ಹಿಡಿದು ಬದಿಗೆ ನಿಲ್ಲಿಸಿದರು. ಫೋಟೋ ಬಹಳ ಚೆನ್ನಾಗಿ ಬಂತು. ಆಕಾಶ, ಬಿರಿದ ಹತ್ತಿ, ಒಂದು ಬದಿಯಲ್ಲಿ ಟವೆಲಿನ ಮನುಷ್ಯ. ಆ ನಗೆಯ ವಿಷಯ ನನಗೆ ಈಗ ಬೇರೆ ಅಭಿಪ್ರಾಯವಿದೆ.

ನನ್ನ ತಾಯಿಯ ತವರು ಸಿರುಗುಪ್ಪ. ಆ ಮನೆಯಲ್ಲಿ ನನಗೆ ಇಬ್ಬರು ಅಜ್ಜಿಯರು. ಅಜ್ಜನ ಮೊದಲ ಹೆಂಡತಿ ನನ್ನ ಅಜ್ಜಿ. ಆಕೆಗೆ ನನ್ನ ತಾಯಿಯೊಬ್ಬಳೇ ಮಗಳು. ಗಂಡು ಬೇಕೆಂದು ಅಜ್ಜ ಇನ್ನೊಂದು ಮದುವೆಯಾದರು. ಹಾಗೆ ಬಂದವಳು ಸಣ್ಣಜ್ಜಿ. ಆಕೆಗೆ ಗಂಡುಮಕ್ಕಳಾದರು. ಅಜ್ಜ ಹೋಗಿ ಬಹಳ ಕಾಲವಾಯಿತು. ಮಾವಂದಿರ ಸಂಸಾರದ ಜೊತೆ ಇಬ್ಬರೂ ಒಂದೇ ಸೂರಿನಡಿ ಇದ್ದಾರೆ. ಅವರ ನಡುವೆ ಜಗಳವಿಲ್ಲ, ಮಾತೂ ಇಲ್ಲ. ಏನಿದ್ದರೂ ಮೂರನೆಯವರ ಮೂಲಕ. "ಪುಂಡಿಪಲ್ಯಾ ತೊಳದಾಳೇನು ಕೇಳಕಿಗೆ" ಎಂದು ಅಜ್ಜಿ ಸೊಸೆಗೆ ಹೇಳುತ್ತಾಳೆ. ಕೈಗೆಟಕುವಷ್ಟು ದೂರದಲ್ಲಿ ಕೂತ ಸಣ್ಣಜ್ಜಿ, "ತೊಳದೀನಂತ ಹೇಳು" ಎಂದು ಅದೇ ಸೊಸೆಗೆ ಹೇಳುತ್ತಾಳೆ. ಸೊಸೆ ಬಾಯಿ ತೆರೆಯುವ ಅಗತ್ಯವೇ ಇಲ್ಲ.

ಪಡಸಾಲೆಯ ಗೋಡೆಯ ಮೇಲೆ ಒಂದು ಹಳೆಯ ಸ್ಟುಡಿಯೋ ಫೋಟೋ ಇದೆ. ಕುರ್ಚಿಯಲ್ಲಿ ಅಜ್ಜ, ಪಕ್ಕದಲ್ಲಿ ಸಣ್ಣಜ್ಜಿ, ಮುಂದೆ ಗಂಡುಮಕ್ಕಳು. ಅದನ್ನು ತೆಗೆಸಲು ಹೋದ ದಿನ ನನ್ನ ಅಜ್ಜಿಯನ್ನು ಯಾರೂ ಕರೆದಿರಲಿಲ್ಲ. ಅದರ ಪಕ್ಕ ಮಾವಂದಿರ ಮದುವೆಗಳು, ಮೊಮ್ಮಕ್ಕಳ ಹುಟ್ಟುಹಬ್ಬಗಳು, ಒಂದು ಟ್ರ್ಯಾಕ್ಟರಿನ ಪೂಜೆ. ಆ ಗೋಡೆಯ ಮೇಲೆ ಟ್ರ್ಯಾಕ್ಟರ್ ಇದೆ, ನನ್ನ ಅಜ್ಜಿ ಇಲ್ಲ.

ಸರ್ ಕೊಟ್ಟ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ರಜೆಗೆ ಹೋದಾಗ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದಳು.

"ಗ್ವಾಡಿಗೆ ಹಾಕಾಂತಾದ್ದು ಒಂದು ತಗೀತೀಯೇನಬೇ?"

"ನಿಂದೊಬ್ಬಾಕಿದಾ?"

"ನನ್ನೊಬ್ಬಾಕಿದು ಹಾಕಿದ್ರ, ಮುದುಕಿ ಸತ್ಲು ಅಂತ ಮಂದಿ ಮಾತಾಡ್ಸಾಕ ಬರ್ತಾರ. ಅಕಿನ್ನೂ ಕರಿ. ಇಬ್ಬರೂ ಸಮಾ ಇರಬೇಕು ನೋಡು. ಅಕಿದೂ ಹೆಚ್ಚಾಗಬಾರದು, ನಂದೂ ಹೆಚ್ಚಾಗಬಾರದು."

ನೀಲಿ ಸುಣ್ಣ ಬಳಿದ ಗೋಡೆಯ ಮುಂದೆ ಬೆಂಚು ಹಾಕಿದೆ. ಅಜ್ಜಿ ನನ್ನ ಬಲಕ್ಕೆ ಬರುವಂತೆ ಕೂತಳು. ಸಣ್ಣಜ್ಜಿ ಬಂದು ಬೆಂಚಿನ ಎಡತುದಿಯಲ್ಲಿ, ಬಸ್ಸಿಗೆ ಕಾಯುವವಳಂತೆ, ಅರ್ಧ ಮಾತ್ರ ಕೂತಳು. "ಹತ್ತಿರ ಸರಿಯಾಕ ಹೇಳಕಿಗೆ" ಎಂದಳು ಅಜ್ಜಿ ನನಗೆ. ನಾನು ಹೇಳುವ ಮೊದಲೇ ಸಣ್ಣಜ್ಜಿ ಸರಿದಳು. ಗಾಳಿ ಎದ್ದಿತ್ತು. ಸಣ್ಣಜ್ಜಿಯ ಸೆರಗು ಹಾರಿ ಅಜ್ಜಿಯ ಮುಖಕ್ಕೆ ಬಡಿಯಿತು. ಅಜ್ಜಿ ಅದನ್ನು ಹಿಡಿದು, ಸಣ್ಣಜ್ಜಿಯ ಮೊಣಕಾಲಿನ ಮೇಲೆ ಒತ್ತಿ ಹಿಡಿದು, "ಸೆರಗು ಹಿಡಕೋ, ಹಾರಾಕತ್ತೈತಿ" ಎಂದಳು. ನೇರವಾಗಿ. ನನಗೆ ತಿಳಿದಂತೆ, ಆಕೆ ಸಣ್ಣಜ್ಜಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಸಣ್ಣಜ್ಜಿ ತಟ್ಟನೆ ಮುಖವನ್ನು ಆಚೆ, ಖಾಲಿ ಗೋಡೆಯ ಕಡೆ, ತಿರುಗಿಸಿಕೊಂಡಳು. ನಾಚಿದಳೋ, ಇನ್ನೇನೋ. ಅಜ್ಜಿ ಕೈ ತೆಗೆಯಲಿಲ್ಲ. ನಾನು ಕ್ಲಿಕ್ ಮಾಡಿದೆ.

ಇಬ್ಬರನ್ನೂ ನಡುವೆ ಇಟ್ಟಿದ್ದೆ. ಮರೆತು ಅಲ್ಲ, ಬೇಕೆಂದೇ.

ಸರ್ ಮನೆಯಲ್ಲಿ ಒಂದು ಪದ್ಧತಿ ಇತ್ತು. ಕ್ಯಾಮೆರಾ ವಾಪಸ್ ಕೊಟ್ಟ ಕೂಡಲೇ ಅದರ ಕಾರ್ಡಿನಲ್ಲಿದ್ದುದನ್ನೆಲ್ಲ ತಮ್ಮ ಕಂಪ್ಯೂಟರಿಗೆ ಹಾಕಿಕೊಂಡು, ಮುಂದಿನವರಿಗಾಗಿ ಕಾರ್ಡನ್ನು ಅಳಿಸಿಬಿಡುತ್ತಿದ್ದರು. ಆಮೇಲೆ ಪರದೆಯ ಮೇಲೆ ಒಂದೊಂದನ್ನೂ ನಮ್ಮ ಎದುರಿಗೇ ತಿದ್ದುತ್ತಿದ್ದರು. ತಿದ್ದಿದ್ದನ್ನು ಮೂಲದ ಮೇಲೆಯೇ ಉಳಿಸುತ್ತಿದ್ದರು. ಅಲ್ಲಿಗೆ ಮೂಲ ಹೋಯಿತು. "ಮೂಲ ಇಟ್ಟುಕೊಂಡವನು ತಪ್ಪನ್ನ ಸಾಕ್ತಾನೆ" ಎನ್ನುವುದು ಅವರ ಮಾತು.

ನನ್ನ ಫೋಟೋ ಪರದೆಯ ಮೇಲೆ ಬಂದಾಗ ಅವರು ಬೈಯಲಿಲ್ಲ. ಸುಮ್ಮನೆ ಹತ್ತಿರ ಬಗ್ಗಿದರು. ಆಮೇಲೆ ಮೌಸ್ ಎಳೆಯತೊಡಗಿದರು. ಕತ್ತರಿಸಬೇಕಾದ ಭಾಗವನ್ನು ತೋರಿಸುವ ಮಬ್ಬು ಕಪ್ಪು ಬಲಗಡೆಯಿಂದ ಬಂದು ಅಜ್ಜಿಯ ಮುಖವನ್ನು ಮುಚ್ಚಿ, ಕಿವಿಯ ಈಚೆಗೆ ನಿಂತಿತು. ಈಗ ಎಡಕ್ಕೆಲ್ಲ ಖಾಲಿ ನೀಲಿ ಗೋಡೆ. ಬಲಗಡೆಯ ಗೆರೆಯ ಮೇಲೆ ಸಣ್ಣಜ್ಜಿ, ಆ ಖಾಲಿಯ ಕಡೆಗೇ ನೋಡುತ್ತಿದ್ದಾಳೆ. ಆಕೆಯ ಕಣ್ಣು ಮೇಲಿನ ಬಿಂದುವಿನಲ್ಲಿ ಬಂತು. ಮೊಣಕಾಲಿನ ಮೇಲೆ ಸೆರಗು ಒತ್ತಿ ಹಿಡಿದಿದ್ದ ಅಜ್ಜಿಯ ಕೈ ಕೆಳಗಿನ ಬಿಂದುವಿನಲ್ಲಿ ಬಂತು. ಆ ಕೈಯ ಹಿಂದೆ ಒಂದು ತೋಳು, ಅರ್ಧ ಭುಜ. ಮುಖವಿಲ್ಲ.

"ನೋಡಮ್ಮಾ, ನೋಡು!" ಅವರು ಪರದೆಗೆ ಬೆರಳು ಒತ್ತಿದರು. "ಎರಡು ಬಿಂದು! ಒಂದೇ ಗೆರೆಯ ಮೇಲೆ! ಯಾರ ಕೈ ಅದು ಅಂತ ನೋಡಿದವನು ಒದ್ದಾಡ್ತಾನೆ."

"ಸರ್, ಇಬ್ಬರೂ ಬೇಕು" ಎಂದೆ.

"ಇಬ್ಬರಿದ್ದರೆ ಕಣ್ಣು ಎಲ್ಲಿ ನಿಲ್ಲಬೇಕು?"

"ಅದು ನಮ್ಮಜ್ಜಿ, ಸರ್. ಅವರಿಗಾಗಿಯೇ ತೆಗೆದದ್ದು. ಇಬ್ಬರೂ ಬೇಕು."

"ಮನೆಯ ವಿಷಯ ಎಲ್ಲ ಫ್ರೇಮಿನ ಆಚೆಗೆ" ಎಂದು ಅವರು ಗುಂಡಿ ಒತ್ತಿದರು.

ನಾನು ಮೆಲ್ಲಗೆ ಮಾತಾಡುವವಳು ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ದಿನ ನಾನು ಹೇಳಿದ್ದು ಸ್ಪಷ್ಟವಾಗಿತ್ತು, ಎರಡು ಸಲ ಹೇಳಿದೆ, ಅವರಿಗೆ ಕೇಳಿಸಿತ್ತು. ಇದನ್ನು ಬರೆದಿಡಬೇಕು ಎನಿಸಿತು.

ಇನ್ನೊಮ್ಮೆ ಹೋಗಿ ತೆಗೆದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಪರೀಕ್ಷೆ ಬಂತು. ಸಂಕ್ರಾಂತಿಗೆ ಸಿರುಗುಪ್ಪಕ್ಕೆ ಹೋದರೆ, ಪಡಸಾಲೆಯಲ್ಲಿ, ಆ ಸ್ಟುಡಿಯೋ ಫೋಟೋದ ಕೆಳಗೇ, ಒಂದು ಅಕ್ಕಿ ಗಿರಣಿಯ ಹೊಸ ಕ್ಯಾಲೆಂಡರ್ ತೂಗುತ್ತಿತ್ತು. ತಿಂಗಳುಗಳ ಮೇಲೆ ಸಣ್ಣಜ್ಜಿ. ಅಡಿಯಲ್ಲಿ 'ಏಕಾಂಗಿ' ಎಂಬ ಶೀರ್ಷಿಕೆ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರು, ಮಾರ್ಗದರ್ಶನ ಎಂದು ಅವರ ಹೆಸರು. ಗಿರಣಿಯ ಮಾಲೀಕ ಅವರ ಹಳೆಯ ವಿದ್ಯಾರ್ಥಿಯಂತೆ. ನನಗೆ ಆಶ್ಚರ್ಯವಾಗಲಿ ಎಂದು ಹೇಳದೆಯೇ ಕೊಟ್ಟಿದ್ದರು. ಅವರ ಲೆಕ್ಕದಲ್ಲಿ ಅದು ನನಗೆ ಕೊಟ್ಟ ಉಡುಗೊರೆ.

"ಊರ ತುಂಬ ನಿನ್ನ ಫೋಟೋನ ಐತಿ ನೋಡವ್ವಾ" ಎಂದರು ದೊಡ್ಡ ಮಾವ. "ಕಟಿಂಗ್ ಶಾಪ್‌ನ್ಯಾಗೂ ಐತಿ, ಗೊಬ್ಬರದ ಅಂಗಡ್ಯಾಗೂ ಐತಿ."

ಅಜ್ಜಿ ಕ್ಯಾಲೆಂಡರಿನ ಹತ್ತಿರ ಹೋಗಿ ತನ್ನ ಬಲಗೈಯನ್ನು ಅದರ ಪಕ್ಕಕ್ಕೆ ಹಿಡಿದಳು. ಮುಂಗೈ ಮೇಲೆ ಹಸಿರು ಹಚ್ಚೆ, ತೇರಿನಂತಹ ಒಂದು ಚಿತ್ತಾರ. ಕ್ಯಾಲೆಂಡರಿನ ಕೈಯ ಮೇಲೂ ಅದೇ. ಹಚ್ಚೆಯಿಂದ ಹಚ್ಚೆಗೆ ನೋಡಿದಳು.

"ಕೈ ನಂದ" ಎಂದಳು. "ಮಖ ಎಲ್ಲಿ ಇಟ್ರು?"

ಎಳ್ಳು ಬೀರಲು ಬಂದಿದ್ದ ಪಕ್ಕದ ಮನೆಯಾಕೆ, ತಮಾಷೆಯೆಂದೇ, "ಹೋಗ್ಲಿ ಬಿಡಬೇ ಯಕ್ಕಾ, ಕೈಯಾರ ಬಂದೈತಲ್ಲ" ಎಂದು ನಕ್ಕಳು.

"ಹೌದು. ಈ ಮನ್ಯಾಗ ನಂದು ಕೈ ಅಷ್ಟ ಬೇಕಾಗಿದ್ದು" ಎಂದಳು ಅಜ್ಜಿ.

ಅಂದಿನಿಂದ ಆಕೆ ಪಡಸಾಲೆಗೆ ಬರುವುದನ್ನು ಬಿಟ್ಟಳು. ಊಟ, ನಿದ್ದೆ, ಬಂದವರ ಜೊತೆ ಮಾತು ಎಲ್ಲವೂ ಹಿತ್ತಲ ಕಡೆಯ ಕೋಣೆಯಲ್ಲೇ. ಸೊಸೆಯ ಮೂಲಕ ಆಡುತ್ತಿದ್ದ ಮಾತುಗಳೂ ನಿಂತವು. ಸಣ್ಣಜ್ಜಿ ಕ್ಯಾಲೆಂಡರನ್ನು ಕಿತ್ತು ಮಡಚಿಟ್ಟರೆ, ಮಾವ ಅದನ್ನು ತಂದು ಮತ್ತೆ ಮೊಳೆಗೆ ಸಿಕ್ಕಿಸಿದರು. ಗಿರಣಿಯವರು ಭತ್ತ ಕೊಳ್ಳಲು ಬಂದಾಗ ನೋಡುತ್ತಾರಲ್ಲ ಎಂದು.

ನಾನು ಸರ್ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅಷ್ಟು ಉದ್ದ ನಾನು ಅವರ ಎದುರು ಎಂದೂ ಮಾತಾಡಿರಲಿಲ್ಲ. ಅವರ ಪತ್ನಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ, "ಛೆ, ಏನ್ರೀ ಇದು" ಎಂದರು. ಇವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು. "ಮೂಲ ಇಲ್ಲ" ಎಂದರು ಕೊನೆಗೆ. "ಆದರೆ ನಾನೇ ಬಂದು ತೆಗೆದು ಕೊಡ್ತೀನಿ. ಅವರು ಹೇಗೆ ಹೇಳ್ತಾರೋ ಹಾಗೆ."

ಬಂದರು. ಅದನ್ನೂ ಬರೆಯಬೇಕು. ಬಿಸಿಲಿನಲ್ಲಿ ಬಸ್ಸಿನಲ್ಲಿ ನಿಂತುಕೊಂಡೇ ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಂದರು. ಅಂಗಳದಲ್ಲಿ ಸಣ್ಣಜ್ಜಿ ಎದುರಾದಳು. ಆಕೆ ಹೆಚ್ಚು ಮಾತಿನವಳಲ್ಲ.

"ನೀವೇನ್ರಿ ಅದನ್ನ ಕ್ಯಾಲೆಂಡರಿಗೆ ಕೊಟ್ಟಾವ್ರು?"

"ಹೌದಮ್ಮಾ."

"ಕೆಳಗ ಏನಂತ ಬರದೀರಿ, ಮೊಮ್ಮಗಳು ಓದಿದ್ಲು. ಏಕಾಂಗಿ ಅಂತ. ನಾ ಯಾವತ್ತು ಒಬ್ಬಾಕಿ ಇದ್ದೆ ಈ ಮನ್ಯಾಗ? ಬಂದ ದಿನದಿಂದ ಅಕಿ ಅದಾಳ ನನ್ನ ಪಕ್ಕದಾಗ."

ನಾನು ಹಿತ್ತಲಿಗೆ ಹೋಗಿ ಅಜ್ಜಿಯನ್ನು ಕರೆದೆ. ಸಣ್ಣಜ್ಜಿಯ ಜೊತೆ ಕೂರಲು ಆಕೆ ಒಪ್ಪಲಿಲ್ಲ. "ಒಮ್ಮಿ ಕುಂತಿದ್ನೆಲ್ಲ, ಏನಾತು?" ಎಂದಳು. ಬಹಳ ಹೇಳಿದ ಮೇಲೆ, ಒಬ್ಬಳೇ ಆದರೂ ಸರಿ ಎಂದು ಬಂದು ಅದೇ ಬೆಂಚಿನ ನಡುವೆ ಕೂತಳು. ಸತ್ತಳೆಂದುಕೊಂಡರೂ ಅಂದುಕೊಳ್ಳಲಿ, ಗೋಡೆಯ ಮೇಲೆ ಒಂದು ಮುಖ ಬೇಕಾಗಿತ್ತು. ಸೆರಗನ್ನು ತಲೆಗೆ ಹೊದ್ದು, ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು, ನೆಟ್ಟಗೆ ಕ್ಯಾಮೆರಾವನ್ನೇ ನೋಡಿದಳು.

ಸರ್ ಕ್ಯಾಮೆರಾ ಎತ್ತಿದರು. ಇಳಿಸಿದರು. ಮತ್ತೆ ಎತ್ತಿದರು. ನಾನು ಅವರ ತೋರುಬೆರಳನ್ನೇ ನೋಡುತ್ತಿದ್ದೆ. ಅದು ಗುಂಡಿಯ ಮೇಲೆ ನಿಂತಿತ್ತು, ಒತ್ತಲಿಲ್ಲ. ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ಒತ್ತಿದ್ದರೆ ಮುಗಿದುಹೋಗುತ್ತಿತ್ತು. ಕೊನೆಗೆ ಅವರು ಕಣ್ಣಿನಿಂದ ಕ್ಯಾಮೆರಾ ತೆಗೆಯದೆಯೇ, ಎಡಗೈಯನ್ನು ಗಾಳಿಯಲ್ಲಿ ಬೀಸಿ ಹೇಳಿದರು:

"ಅಮ್ಮಾ, ಒಂಚೂರು ಈ ಕಡೆ ಸರೀರಿ."

ಅಜ್ಜಿ ಎದ್ದಳು. ಬೈಯಲಿಲ್ಲ. ಸೀರೆಯ ನಿರಿಗೆ ಸರಿಮಾಡಿಕೊಂಡು ಒಳಗೆ ಹೋದಳು. ಹಿತ್ತಲ ಬಾಗಿಲಿನ ಅಗುಳಿ ಹಾಕಿದ ಸದ್ದು ಕೇಳಿಸಿತು.

ಮಾವ ಊಟಕ್ಕೆ ಕರೆದರು, ಸರ್ ಏಳಲಿಲ್ಲ. ನೀರನ್ನೂ ಕುಡಿಯಲಿಲ್ಲ. ಬಸ್ ನಿಲ್ದಾಣದವರೆಗೆ ನಾನು ಜೊತೆಗೆ ಹೋದೆ. ಕರೂರಿನ ಕಡೆಯಿಂದ ನಾಟಿ ಮುಗಿಸಿ ಬಂದ ಹೆಂಗಸರು, ಕಾಲಿಗೆ ಕೆಸರು ಮೆತ್ತಿಕೊಂಡು, ಪ್ಲಾಟ್‌ಫಾರ್ಮಿನ ಒಂದು ಬದಿಗೆ ಸಾಲಾಗಿ ಕೂತಿದ್ದರು. ಸರ್ ಅಭ್ಯಾಸಬಲದಿಂದ ಒಂದು ಕಣ್ಣು ಮುಚ್ಚಿ ಆ ಸಾಲನ್ನು ನೋಡಿದ್ದನ್ನು ನಾನು ಗಮನಿಸಿದೆ.

"ಕೈ ಬರಲಿಲ್ಲಮ್ಮಾ" ಎಂದರು. "ತಪ್ಪು ಅಂತ ಕಾಣ್ತಿರೋದನ್ನ ಹೇಗೆ ಒತ್ತಲಿ?" ಬಸ್ಸು ಹತ್ತುತ್ತಾ, "ಬೆಳಕು ಚೆನ್ನಾಗಿತ್ತು" ಎಂದರು.

ಆಮೇಲೆ ನಾನು ಅವರ ಮನೆಗೆ ಹೋಗಲಿಲ್ಲ. ಯುಗಾದಿಗೆ, ದೀಪಾವಳಿಗೆ ಅವರಿಂದ ಶುಭಾಶಯದ ಸಂದೇಶ ಬರುತ್ತಿತ್ತು, ಜೊತೆಗೆ ಅವರು ತೆಗೆದ ಒಂದು ಫೋಟೋ. ಫೋಟೋಗಳು ಚೆನ್ನಾಗಿರುತ್ತಿದ್ದವು. ನಾನು ಕೈಮುಗಿಯುವ ಚಿಹ್ನೆ ಕಳಿಸುತ್ತಿದ್ದೆ. ನಮ್ಮ ನಡುವೆ ಉಳಿದಿದ್ದು ಅಷ್ಟೇ.

ಈಗ ಪ್ರದರ್ಶನದವರು 'ಏಕಾಂಗಿ'ಯನ್ನು ಬಾಗಿಲ ಎದುರಿಗೇ, ದೊಡ್ಡದಾಗಿ, ಹಾಕುತ್ತಾರಂತೆ. ನಾನು ಬೇಡವೆಂದು ಬರೆದೆ. "ಅದು ಸರ್ ಅವರ ಸಂಯೋಜನೆ ಅಲ್ವಾ ಮೇಡಂ, ಈಗಾಗಲೇ ಪ್ರಿಂಟ್ ಆಗಿದೆ" ಎಂದು ಉತ್ತರ ಬಂತು. ಸರ್ ಅವರ ಪತ್ನಿಯ ಮುಖ ನೆನಪಾಗಿ, ಇನ್ನೊಂದು ಸಲ ಬರೆಯಲಿಲ್ಲ.

ಹೋದ ತಿಂಗಳು ಸಿರುಗುಪ್ಪಕ್ಕೆ ಹೋಗಿ ಇಬ್ಬರಿಗೂ ಹೇಳಿದೆ. ಅಜ್ಜಿ ಹಿತ್ತಲ ಕೋಣೆಯ ಮುಂದಿನ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಸಣ್ಣಜ್ಜಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ಹೋದ್ನಾ?" ಎಂದಳು ಅಜ್ಜಿ. "ಪಾಪ, ಆವತ್ತು ನೀರು ಸೈತ ಕುಡೀಲಿಲ್ಲ."

"ಆ ಫೋಟೋ ಮತ್ತ ಹಾಕ್ತಾರಂತ, ಅಜ್ಜಿ. ಬ್ಯಾಡ ಅಂದ್ರೂ ಕೇಳವಲ್ರು."

ಅಜ್ಜಿ ಮೊರದಲ್ಲಿ ಕಲ್ಲು ಹುಡುಕುತ್ತಿದ್ದಳು. ಸಣ್ಣಜ್ಜಿ ಬಾಗಿಲು ಬಿಟ್ಟು ಬಂದು, ಮೊರವನ್ನು ಅತ್ತ ಸರಿಸಿ, ಕಟ್ಟೆಯ ಮೇಲೆ ಅಜ್ಜಿಯ ಪಕ್ಕ ಪೂರ್ತಿ ಕೂತಳು.

"ತಗೀ ಈಗ" ಎಂದಳು ನನಗೆ. "ಅಕಿ ಏಳೂದ್ರಾಗ ತಗೀ."

"ನಾ ಯಾಕ ಏಳ್ಲಿ?" ಎಂದಳು ಅಜ್ಜಿ, ಮೊರದಿಂದ ಕಣ್ಣೆತ್ತದೆ. "ಕಟ್ಟಿ ನಂದು."

"ಮಖ ಎತ್ತು ಹಂಗಾರ."

ಅಜ್ಜಿ ಮುಖ ಎತ್ತಿದಳು.

ನನ್ನ ಕೈಯಲ್ಲಿ ಮೊಬೈಲ್ ಮಾತ್ರ ಇತ್ತು. ಎತ್ತಿ ಹಿಡಿದೆ. ಹಿಂದೆ ಸುಣ್ಣ ಉದುರಿದ ಗೋಡೆ, ಒಂದು ಬದಿಗೆ ಬಾಗಿಲಿನ ಕತ್ತಲು, ಸಂಜೆಯ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಪರದೆಯ ಮೇಲೆ ಎಲ್ಲವೂ ಸರಿಯಾಗಿ ಕೂರತೊಡಗಿತು.

"ನೀನೂ ಸರದಿ" ಎಂದಳು ಅಜ್ಜಿ.

ನಾನು ನನ್ನ ಕಾಲು ನೋಡಿಕೊಂಡೆ. ಹೌದು. ನನಗೆ ಗೊತ್ತಿಲ್ಲದೆ ಬದಿಗೆ ಸರಿದಿದ್ದೆ. ಅಲ್ಲಿಂದ ಸಣ್ಣಜ್ಜಿ ಗೆರೆಯ ಮೇಲಿದ್ದಳು, ಬಾಗಿಲು ಇನ್ನೊಂದು ಗೆರೆಯ ಮೇಲಿತ್ತು, ಅಜ್ಜಿ ಅಂಚಿಗೆ ಹೋಗಿದ್ದಳು. ಬಹಳ ಒಳ್ಳೆಯ ಫೋಟೋ ಆಗುತ್ತಿತ್ತು.

ವಾಪಸ್ ಬಂದು ಇಬ್ಬರ ನಡುವೆ ನೇರಕ್ಕೆ ನಿಂತೆ. ಅಲ್ಲಿಂದ ಅದು ಸಪ್ಪೆ ಫೋಟೋ. ಬಾಗಿಲು ಹೊರಗೆ ಹೋಯಿತು, ನೆರಳು ಚಪ್ಪಟೆಯಾಯಿತು, ಇಬ್ಬರು ಮುದುಕಿಯರು ಕಣ್ಣು ಕಿರಿದು ಮಾಡಿ ನನ್ನನ್ನೇ ನೋಡುತ್ತಿದ್ದರು. ತೆಗೆದೆ.

ಫ್ರೇಮ್ ಹಾಕಿಸಿ ಪಡಸಾಲೆಯ ಗೋಡೆಗೆ ಹಾಕಿದ್ದೇವೆ. ಅಜ್ಜಿ ಈಗ ಅಲ್ಲಿಗೆ ಬಂದು ಕೂರುತ್ತಾಳೆ. ಬಂದವರಿಗೆಲ್ಲ ತೋರಿಸುತ್ತಾಳೆ. ನಾನು ಆ ಗೋಡೆಯ ಕಡೆ ಹೆಚ್ಚು ನೋಡುವುದಿಲ್ಲ. ನೋಡಿದರೆ ಅದನ್ನು ಎಲ್ಲಿ ಕತ್ತರಿಸಬೇಕೆಂದು ಕಣ್ಣು ತಾನಾಗಿ ಹುಡುಕುತ್ತದೆ, ಪ್ರತಿ ಸಲವೂ ಅಜ್ಜಿಯ ಮುಖದ ಈಚೆಗೇ ಬಂದು ನಿಲ್ಲುತ್ತದೆ.